ಬೋಧಕನ ಎರಡು ಋಣಗಳು: ಕೊಚ್ಚಿ–ತಿರುವನಂತಪುರಗಳ ನಿರ್ವಹಣ ವಿದ್ಯೆಯ ಒಂದು ವಿಮರ್ಶೆ

೧

ವೈದ್ಯಶಾಸ್ತ್ರವನ್ನು ಬೋಧಿಸುವವನು ರೋಗಿಗಳನ್ನು ನೋಡದೆ ಇರಲಾರನು. ನ್ಯಾಯಶಾಸ್ತ್ರದ ಅಧ್ಯಾಪಕನಾದರೋ ನ್ಯಾಯಾಲಯದ ಮೆಟ್ಟಿಲನ್ನು ಹತ್ತದೆಯೂ ಪ್ರೌಢ ವಿದ್ವಾಂಸನೆನಿಸಿಕೊಳ್ಳಬಹುದು. ಈ ಎರಡು ಮಾದರಿಗಳ ನಡುವೆ ತನ್ನ ಸ್ಥಾನವನ್ನು ಇನ್ನೂ ನಿಶ್ಚಯಿಸಿಕೊಳ್ಳಲಾರದೆ ನಿಂತಿರುವ ವಿದ್ಯೆಯೊಂದುಂಟು. ಅದೇ ಮ್ಯಾನೇಜ್‌ಮೆಂಟ್ ಎಂದು ಲೋಕರೂಢಿಯಲ್ಲಿರುವ ನಿರ್ವಹಣ ವಿದ್ಯೆ. ಅದನ್ನು ಕಲಿಸುವ ಪ್ರಾಧ್ಯಾಪಕನು ಬೆಳಗಿನ ಹೊತ್ತು ತರಗತಿಯಲ್ಲಿ ಪಾಠ ಹೇಳುತ್ತಾನೆ. ಮಧ್ಯಾಹ್ನ ಒಂದು ಕಾರ್ಖಾನೆಗೋ ಬ್ಯಾಂಕಿಗೋ ಸರಕಾರದ ಇಲಾಖೆಗೋ ಸಲಹೆಗಾರನಾಗಿ ಹೋಗುತ್ತಾನೆ. ಮೊದಲನೆಯದಕ್ಕೆ ವೇತನ, ಎರಡನೆಯದಕ್ಕೆ ಸಂಭಾವನೆ.

ಈ ದ್ವಿವೃತ್ತಿಯನ್ನು ಕುರಿತು ಎರಡು ಅಭಿಪ್ರಾಯಗಳು ಪ್ರಚಾರದಲ್ಲಿವೆ. ಕಾರ್ಖಾನೆಯ ಒಳಗನ್ನು ಕಾಣದ ಅಧ್ಯಾಪಕನ ಪಾಠ ನೀರಿಗಿಳಿಯದವನು ಈಜು ಕಲಿಸಿದಂತೆ ಎನ್ನುವವರು ಕೆಲವರು. ಹಣ ಕೊಡುವವನ ಮನೆಗೆ ಹೋಗಿಬರುವವನ ನಾಲಗೆ ತರಗತಿಯಲ್ಲಿ ಸ್ವತಂತ್ರವಾಗಿ ಆಡಲಾರದು ಎನ್ನುವವರು ಮತ್ತೆ ಕೆಲವರು. ಎರಡು ಪಕ್ಷಗಳಲ್ಲಿಯೂ ಸತ್ಯಾಂಶವಿದೆಯಾದರೂ ಎರಡೂ ಪ್ರಶ್ನೆಯ ಮರ್ಮವನ್ನು ಮುಟ್ಟಿಲ್ಲವೆನ್ನಬೇಕು. ಪ್ರಾಧ್ಯಾಪಕನು ಹೊರಗೆ ಹೋಗಬೇಕೆ ಬೇಡವೆ ಎಂಬುದು ಇಲ್ಲಿ ಮುಖ್ಯವಲ್ಲ. ಹೋದವನು ಏನನ್ನು ಹಿಂದಕ್ಕೆ ತಂದನು ಎಂಬುದೇ ಮುಖ್ಯ. ಅವನ ಮೇಲೆ ಎರಡು ಋಣಗಳಿವೆ. ಶಿಷ್ಯನ ಋಣ ತಿಳಿದುದನ್ನೆಲ್ಲ ಬಿಚ್ಚಿ ಹೇಳೆನ್ನುತ್ತದೆ. ಸಲಹೆ ಕೇಳಿದವನ ಋಣ ತಿಳಿದುದನ್ನು ಮುಚ್ಚಿಡೆನ್ನುತ್ತದೆ. ಈ ಎರಡನ್ನೂ ತೀರಿಸುವ ದಾರಿಯೊಂದು ದೊರೆಯದಿದ್ದರೆ ವಿದ್ಯೆಯಾಗಿ ಅದು ಬೆಳೆಯಲಾರದು.

ಈ ಪ್ರಶ್ನೆಯನ್ನು ಪರೀಕ್ಷಿಸಲು ಕೇರಳದ ಎರಡು ನಗರಗಳು ಅನುಕೂಲವಾದ ಕ್ಷೇತ್ರವನ್ನೊದಗಿಸುತ್ತವೆ. ಕೊಚ್ಚಿ ಬಂದರು, ಗೊಬ್ಬರದ ಕಾರ್ಖಾನೆ, ತೈಲ ಶುದ್ಧೀಕರಣಾಗಾರ, ಹಡಗುಕಟ್ಟೆಗಳ ಊರು. ಅಲ್ಲಿ ಸಲಹೆ ಕೇಳುವುದು ಬಹುಮಟ್ಟಿಗೆ ಉದ್ಯಮ. ತಿರುವನಂತಪುರ ಸಚಿವಾಲಯದ ಊರು; ಅಲ್ಲಿ ಸಲಹೆ ಕೇಳುವುದು ಸರಕಾರ. ಒಂದೇ ರಾಜ್ಯ, ಒಂದೇ ಭಾಷೆ, ಸುಮಾರು ಇನ್ನೂರು ಕಿಲೋಮೀಟರುಗಳ ಅಂತರ. ಆದರೆ ಪ್ರಾಧ್ಯಾಪಕನ ಎರಡನೆಯ ಋಣ ಈ ಎರಡು ಊರುಗಳಲ್ಲಿ ಎರಡು ಬಗೆಯ ರೂಪವನ್ನು ತಾಳುತ್ತದೆ.

೨

ಮಂತ್ರಾಲೋಚನೆ ಗುಪ್ತವಾಗಿರಬೇಕೆಂಬ ಮಾತು ಭಾರತೀಯರಿಗೆ ಹೊಸದಲ್ಲ. ಮೈಸೂರಿನ ಓರಿಯಂಟಲ್ ಲೈಬ್ರರಿಯ ಆರ್. ಶಾಮಶಾಸ್ತ್ರಿಗಳು ೧೯೦೫ರಲ್ಲಿ ಬೆಳಕಿಗೆ ತಂದು ೧೯೦೯ರಲ್ಲಿ ಅಚ್ಚುಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಮಂತ್ರಾಧಿಕಾರವೆಂಬ ಪ್ರಕರಣವೇ ಉಂಟು. ಆಲೋಚನೆ ನಡೆಯುವ ಸ್ಥಳವನ್ನು ಹಕ್ಕಿಗಳು ಕೂಡ ಕಾಣಬಾರದು ಎಂಬುದು ಅಲ್ಲಿಯ ವಿಧಿ. ಗಿಳಿ ಗೊರವಂಕಗಳಿಂದಲೂ ಗುಟ್ಟು ಒಡೆದುದುಂಟೆಂಬುದು ಅದಕ್ಕೆ ಕೊಟ್ಟ ಕಾರಣ. ಎಷ್ಟು ಮಂದಿಯೊಡನೆ ಆಲೋಚಿಸಬೇಕು ಎಂಬ ಲೆಕ್ಕವೂ ಅಲ್ಲಿದೆ: ಒಬ್ಬನೇ ಆದರೆ ಅವನಿಗೆ ತಡೆಯಿಲ್ಲ, ಇಬ್ಬರಾದರೆ ಕೂಡಿಕೊಂಡಾರು ಇಲ್ಲವೆ ಕಾದಾಡಿಯಾರು, ಆದುದರಿಂದ ಮೂವರು ಅಥವಾ ನಾಲ್ವರು ಯೋಗ್ಯ.

ಇಷ್ಟನ್ನು ಮಾತ್ರ ಓದಿ ನಿಲ್ಲಿಸಿದರೆ ಕೌಟಿಲ್ಯನು ಗುಟ್ಟಿನ ಪಕ್ಷಪಾತಿ ಎಂದು ತೋರುತ್ತದೆ. ಆದರೆ ಗುಟ್ಟನ್ನು ಹೀಗೆ ವಿಧಿಸಿದ ಗ್ರಂಥವೇ ತನ್ನ ಶಾಸ್ತ್ರವನ್ನು ಬಯಲಿನಲ್ಲಿಟ್ಟು ವಾದಿಸುತ್ತದೆ. ಪೂರ್ವಾಚಾರ್ಯರ ಮತವಿದು, ಇಂಥವನ ಮತವಿದು, ಕೌಟಿಲ್ಯನಿಗೆ ಇದು ಒಪ್ಪಿಗೆಯಿಲ್ಲ ಎಂಬ ಸರಣಿ ಹೆಜ್ಜೆಹೆಜ್ಜೆಗೂ ಕಾಣುತ್ತದೆ. ಯಾವ ರಾಜನಿಗೆ ಯಾವಾಗ ಏನನ್ನು ಹೇಳಿದರೆಂಬುದು ಗುಪ್ತ. ಏಕೆ ಹಾಗೆ ಹೇಳಬೇಕೆಂಬುದು ಪ್ರಕಟ. ಮಂತ್ರ ಗುಪ್ತವಾಗಿರಲಿ, ಶಾಸ್ತ್ರ ಪ್ರಕಟವಾಗಿರಲಿ ಎಂಬ ಈ ವಿಭಾಗವೇ ಎರಡು ಋಣಗಳನ್ನು ಒಟ್ಟಿಗೆ ತೀರಿಸುವ ದಾರಿ.

ಪಾಶ್ಚಾತ್ಯರಲ್ಲಿ ಈ ದ್ವಿವೃತ್ತಿಯ ಚರಿತ್ರೆ ಒಂದು ಶತಮಾನಕ್ಕಿಂತ ಸ್ವಲ್ಪ ಹೆಚ್ಚಿನದು. ಹಾರ್ವರ್ಡ್ ವಿಶ್ವವಿದ್ಯಾಲಯದ ವ್ಯವಹಾರ ವಿದ್ಯಾಲಯ ಆರಂಭವಾದುದು ೧೯೦೮ರಲ್ಲಿ. ಕಾರ್ಖಾನೆಗಳ ಸಲಹೆಗಾರನೆಂದು ಹೆಸರಾದ ಫ್ರೆಡರಿಕ್ ಟೇಲರ್ ಅಲ್ಲಿ ಉಪನ್ಯಾಸಗಳನ್ನು ಕೊಟ್ಟು, ತನ್ನ ತತ್ತ್ವಗಳನ್ನು ೧೯೧೧ರಲ್ಲಿ ಪುಸ್ತಕರೂಪದಲ್ಲಿ ಲೋಕದ ಮುಂದಿಟ್ಟನು. ಷಿಕಾಗೊ ವಿಶ್ವವಿದ್ಯಾಲಯದಲ್ಲಿ ಲೆಕ್ಕಶಾಸ್ತ್ರದ ಪ್ರಾಧ್ಯಾಪಕನಾಗಿದ್ದ ಜೇಮ್ಸ್ ಮೆಕಿನ್ಸೆ ೧೯೨೬ರಲ್ಲಿ ತನ್ನ ಹೆಸರಿನ ಸಲಹಾ ಸಂಸ್ಥೆಯನ್ನು ಸ್ಥಾಪಿಸಿದನು. ಜಗತ್ತಿನ ಅತಿ ಪ್ರಸಿದ್ಧ ಸಲಹಾ ಸಂಸ್ಥೆಗಳಲ್ಲೊಂದರ ಮೂಲಪುರುಷ ಒಬ್ಬ ಮೇಷ್ಟರೆಂಬುದು ಗಮನಾರ್ಹ. ಷಿಕಾಗೊ ಬಳಿಯ ಹಾಥಾರ್ನ್ ಕಾರ್ಖಾನೆಯಲ್ಲಿ ೧೯೨೪ರಿಂದ ೧೯೩೨ರವರೆಗೆ ನಡೆದ ಪರೀಕ್ಷೆಗಳಲ್ಲಿ ಹಾರ್ವರ್ಡಿನ ಎಲ್ಟನ್ ಮೇಯೊ ಮತ್ತು ಅವನ ಸಂಗಡಿಗರು ಭಾಗವಹಿಸಿದರು. ಆ ಪರೀಕ್ಷೆಗಳ ವಿಸ್ತಾರವಾದ ವೃತ್ತಾಂತ ೧೯೩೯ರಲ್ಲಿ ಪ್ರಕಟವಾಯಿತು. ಪ್ರಕಟವಾದುದರಿಂದಲೇ ಮುಂದಿನವರು ಅದನ್ನು ಖಂಡಿಸಲು ಸಾಧ್ಯವಾಯಿತು. ಖಂಡನೆಯಿಂದಲೇ ಶಾಸ್ತ್ರ ಮುಂದುವರಿಯಿತು.

ಭಾರತದಲ್ಲಿಯೂ ಇದಕ್ಕೆ ಶ್ರೇಷ್ಠವಾದ ಪೂರ್ವನಿದರ್ಶನವಿದೆ. ಲಂಡನ್ನಿನ ಟ್ಯಾವಿಸ್ಟಾಕ್ ಸಂಸ್ಥೆಯ ಎ. ಕೆ. ರೈಸ್ ಅಹಮದಾಬಾದಿನ ಕ್ಯಾಲಿಕೊ ಗಿರಣಿಗೆ ಸಲಹೆಗಾರನಾಗಿ ಬಂದು, ಮಗ್ಗಗಳ ಕೆಲಸವನ್ನು ಚಿಕ್ಕ ಚಿಕ್ಕ ಗುಂಪುಗಳಿಗೆ ಒಪ್ಪಿಸಿದ ಪ್ರಯೋಗವನ್ನು ೧೯೫೮ರಲ್ಲಿ ಗ್ರಂಥವಾಗಿ ಪ್ರಕಟಿಸಿದನು. ಗಿರಣಿಗೆ ಸಲಹೆ ಸಂದಿತು. ಲೋಕಕ್ಕೆ ಗ್ರಂಥ ಸಂದಿತು.

೩

ಕೊಚ್ಚಿಯಲ್ಲಿ ನಿರ್ವಹಣ ವಿದ್ಯೆಗೆ ಪೀಠ ದೊರೆತುದು ೧೯೬೪ರಲ್ಲಿ. ಆಗ ಕೇರಳ ವಿಶ್ವವಿದ್ಯಾಲಯದ ಅಂಗವಾಗಿ ಹುಟ್ಟಿದ ನಿರ್ವಹಣಾಧ್ಯಯನ ಶಾಲೆ, ೧೯೭೧ರಲ್ಲಿ ಕೊಚ್ಚಿ ವಿಶ್ವವಿದ್ಯಾಲಯ ಸ್ಥಾಪಿತವಾದ ಮೇಲೆ ಅದಕ್ಕೆ ಸೇರಿತು. ಅಹಮದಾಬಾದು ಮತ್ತು ಕಲ್ಕತ್ತಗಳಲ್ಲಿ ಕೇಂದ್ರ ಸರಕಾರದ ನಿರ್ವಹಣ ಸಂಸ್ಥೆಗಳು ೧೯೬೧ರಲ್ಲಿ ಆರಂಭವಾಗಿದ್ದುವು. ಬೆಂಗಳೂರಿನ ಸಂಸ್ಥೆ ೧೯೭೩ರದು. ಎಂದಮೇಲೆ ಕೊಚ್ಚಿಯ ಶಾಲೆ ಬೆಂಗಳೂರಿನದಕ್ಕಿಂತ ಒಂಬತ್ತು ವರ್ಷ ಹಿರಿಯದು.

ಆ ಶಾಲೆಯ ಸುತ್ತಣ ಪರಿಸರವೂ ಗಮನಿಸತಕ್ಕದ್ದು. ಪೆರಿಯಾರ್ ನದಿಯ ದಡದ ಉದ್ಯೋಗಮಂಡಲದಲ್ಲಿ ೧೯೪೩ರಲ್ಲಿ ಸ್ಥಾಪಿತವಾದ ಫ್ಯಾಕ್ಟ್ ಗೊಬ್ಬರದ ಕಾರ್ಖಾನೆ ೧೯೪೭ರಿಂದ ಉತ್ಪಾದನೆ ನಡೆಸುತ್ತಿತ್ತು. ಬೆಂಗಳೂರಿನಲ್ಲಿ ೧೯೫೩ರಲ್ಲಿ ಹುಟ್ಟಿದ ಎಚ್.ಎಂ.ಟಿ. ಸಂಸ್ಥೆ ಕಳಮಶ್ಶೇರಿಯಲ್ಲಿ ತನ್ನ ಘಟಕವನ್ನು ತೆರೆದುದು ಅದೇ ೧೯೬೪ರಲ್ಲಿ. ತೈಲ ಶುದ್ಧೀಕರಣಾಗಾರ ೧೯೬೬ರಲ್ಲಿ ಕೆಲಸ ಮೊದಲುಮಾಡಿತು. ಫ್ಯಾಕ್ಟ್ ತಾನೇ ೧೯೬೫ರಲ್ಲಿ ಫೆಡೊ ಎಂಬ ಎಂಜಿನಿಯರಿಂಗ್ ಸಲಹಾ ಶಾಖೆಯನ್ನು ಕಟ್ಟಿಕೊಂಡಿತು. ಹೀಗೆ ಒಂದು ದಶಕದ ಒಳಗಾಗಿ ಅದೇ ಊರಿನ ಸುತ್ತ ಕಾರ್ಖಾನೆ, ಸಲಹೆಗಾರ, ಅಧ್ಯಾಪಕ ಮೂವರೂ ಕೂಡಿದರು.

ಈ ಶಾಲೆಯ ಸ್ಥಾಪಕ ನಿರ್ದೇಶಕ ಎಂ. ವಿ. ಪೈಲಿ. ೧೯೭೭ರಿಂದ ೧೯೮೧ರವರೆಗೆ ಕೊಚ್ಚಿ ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದು, ೨೦೦೬ರಲ್ಲಿ ಪದ್ಮಭೂಷಣ ಪ್ರಶಸ್ತಿಯನ್ನು ಪಡೆದ ಇವರು ಮೂಲತಃ ರಾಜ್ಯಾಂಗಶಾಸ್ತ್ರದ ವಿದ್ವಾಂಸರು. ೧೯೬೦ರಲ್ಲಿ ಹೊರಬಂದ ‘ಕಾನ್‌ಸ್ಟಿಟ್ಯೂಷನಲ್ ಗವರ್ನಮೆಂಟ್ ಇನ್ ಇಂಡಿಯಾ’ ಎಂಬ ಗ್ರಂಥದಿಂದ ದೇಶದ ವಿದ್ಯಾರ್ಥಿಗಳಿಗೆ ಪರಿಚಿತರಾದವರು. ಸಂವಿಧಾನದ ಪಂಡಿತರೊಬ್ಬರು ವ್ಯವಹಾರ ವಿದ್ಯಾಲಯದ ಆದ್ಯ ಆಚಾರ್ಯರಾದುದು ಮೇಲುನೋಟಕ್ಕೆ ವಿಚಿತ್ರವಾಗಿ ಕಾಣಬಹುದು. ವಾಸ್ತವವಾಗಿ ಅದರಲ್ಲಿ ಒಂದು ಔಚಿತ್ಯವಿದೆ. ಅಧಿಕಾರವನ್ನು ಯಾರಿಗೆ ಕೊಡಬೇಕು, ಕೊಟ್ಟ ಅಧಿಕಾರಕ್ಕೆ ಎಲ್ಲಿ ಎಲ್ಲೆ ಹಾಕಬೇಕು, ಆಳಿಸಿಕೊಳ್ಳುವವನ ಮಾತಿಗೆ ಎಡೆಯೆಲ್ಲಿ ಎಂಬ ಪ್ರಶ್ನೆಗಳು ರಾಜ್ಯಕ್ಕೆ ಎಷ್ಟು ಸಲ್ಲುತ್ತವೆಯೋ ಕಾರ್ಖಾನೆಗೂ ಅಷ್ಟೇ ಸಲ್ಲುತ್ತವೆ.

ಈ ಔಚಿತ್ಯ ಫಲಿಸಿದುದು ಪೈಲಿಯವರ ೧೯೭೫ರ ಗ್ರಂಥದಲ್ಲಿ. ಅದರ ಹೆಸರು ‘ವರ್ಕರ್ ಪಾರ್ಟಿಸಿಪೇಷನ್ ಇನ್ ಮ್ಯಾನೇಜ್‌ಮೆಂಟ್: ಮಿಥ್ ಅಂಡ್ ರಿಯಾಲಿಟಿ’, ಎಂದರೆ, ನಿರ್ವಹಣೆಯಲ್ಲಿ ಕಾರ್ಮಿಕನ ಪಾಲುಗಾರಿಕೆ, ಅದರ ಮಿಥ್ಯೆ ಮತ್ತು ತಥ್ಯ. ಅದರ ಕಾಲವನ್ನು ಗಮನಿಸಬೇಕು. ೧೯೪೭ರ ಔದ್ಯೋಗಿಕ ವಿವಾದಗಳ ಕಾಯಿದೆ ಕಾರ್ಯಸಮಿತಿಗಳನ್ನು ವಿಧಿಸಿತ್ತು. ೧೯೫೮ರಲ್ಲಿ ಜಂಟಿ ನಿರ್ವಹಣ ಮಂಡಲಿಗಳ ಯೋಜನೆ ಬಂದಿತ್ತು. ೧೯೭೫ರ ಅಕ್ಟೋಬರಿನಲ್ಲಿ ಕೇಂದ್ರ ಸರಕಾರ ಇನ್ನೊಂದು ಯೋಜನೆಯನ್ನು ಘೋಷಿಸಿತು. ಮರುವರ್ಷವೇ ಸಂವಿಧಾನದ ೪೨ನೆಯ ತಿದ್ದುಪಡಿ ೪೩-ಎ ವಿಧಿಯನ್ನು ಸೇರಿಸಿ, ಕಾರ್ಮಿಕರ ಪಾಲುಗಾರಿಕೆಯನ್ನು ರಾಜ್ಯನೀತಿಯ ನಿರ್ದೇಶಕ ತತ್ತ್ವಗಳಲ್ಲೊಂದನ್ನಾಗಿ ಮಾಡಿತು. ಯೋಜನೆಗಳ ಮೇಲೆ ಯೋಜನೆಗಳು ಬರುತ್ತಿದ್ದ ಈ ಹೊತ್ತಿನಲ್ಲಿ, ಅದರಲ್ಲಿಯೂ ಕಾರ್ಮಿಕ ಸಂಘಗಳು ಬಲವಾಗಿದ್ದ ಕೇರಳದ ನೆಲದಲ್ಲಿ ನಿಂತು, ಮಿಥ್ಯೆ ಎಂಬ ಶಬ್ದವನ್ನು ಗ್ರಂಥದ ಹಣೆಯ ಮೇಲೆ ಬರೆಯುವುದು ಸಣ್ಣ ಮಾತಲ್ಲ. ಅದು ಆಡಳಿತವರ್ಗಕ್ಕೂ ಸಂಘದ ನಾಯಕರಿಗೂ ಸಮಾನವಾಗಿ ಅಪ್ರಿಯವಾಗಬಲ್ಲ ಮಾತು. ಸಲಹೆಗಾರನಾಗಿ ಕೋಣೆಯೊಳಗೆ ಅದನ್ನು ಹೇಳಿದ್ದರೆ ಒಂದು ಕಡತ ದಪ್ಪವಾಗುತ್ತಿತ್ತು. ಆಚಾರ್ಯನಾಗಿ ಬಯಲಿನಲ್ಲಿ ಹೇಳಿದುದರಿಂದ ಪ್ರಶ್ನೆಯೊಂದು ಉಳಿಯಿತು.

ಇಲ್ಲಿ ಒಂದು ಕೊರತೆಯನ್ನೂ ಹೇಳಬೇಕಾಗುತ್ತದೆ. ಸಂವಿಧಾನದ ದೃಷ್ಟಿಯಿಂದ ಕಾರ್ಖಾನೆಯನ್ನು ನೋಡುವವನಿಗೆ ಮಂಡಲಿ, ಸಮಿತಿ, ಅಧಿಕಾರ ವಿಭಾಗ ಮೊದಲಾದ ಅಂಗರಚನೆ ಚೆನ್ನಾಗಿ ಕಾಣುತ್ತದೆ. ಪಾಳಿ ಬದಲಾಗುವಾಗ ಫೋರ್ಮನ್ನನಿಗೂ ಕೂಲಿಗೂ ನಡೆಯುವ ಎರಡು ಮಾತು, ಯಂತ್ರ ನಿಂತಾಗ ಯಾರನ್ನು ಮೊದಲು ಕರೆಯುತ್ತಾರೆಂಬ ಸೂಕ್ಷ್ಮ ಅಷ್ಟಾಗಿ ಕಾಣದು. ಅಹಮದಾಬಾದಿನ ರೈಸ್ ಮಗ್ಗದ ಬಳಿ ನಿಂತು ಕಂಡುದು ಇಂಥ ಸೂಕ್ಷ್ಮವನ್ನೇ. ಆಚಾರ್ಯನ ವಿಶಾಲದೃಷ್ಟಿ, ಸಲಹೆಗಾರನ ಸಮೀಪದೃಷ್ಟಿ ಎರಡೂ ಒಬ್ಬನಲ್ಲಿ ಕೂಡುವುದು ಅಪರೂಪ. ಕೂಡಬೇಕೆಂಬುದೇ ಈ ದ್ವಿವೃತ್ತಿಯ ಸಮರ್ಥನೆ.

೪

ಕೊಚ್ಚಿಯ ಕಾರ್ಖಾನೆಗೆ ಗುಟ್ಟು ಬೇಕಾದುದು ಪ್ರತಿಸ್ಪರ್ಧಿಯ ಭಯದಿಂದ. ತಿರುವನಂತಪುರದ ಸರಕಾರಕ್ಕೆ ಪ್ರತಿಸ್ಪರ್ಧಿಯಿಲ್ಲ. ಅದಕ್ಕೆ ಗುಟ್ಟು ಬೇಕಾಗುವುದು ವಿರೋಧಪಕ್ಷದ, ಪತ್ರಿಕೆಗಳ, ತನ್ನದೇ ನೌಕರರ ಭಯದಿಂದ. ಆದರೆ ಸರಕಾರ ಸಲಹೆಗಾಗಿ ಕೊಡುವ ಹಣ ಪ್ರಜೆಯ ಹಣ. ಆದುದರಿಂದ ಅಲ್ಲಿ ಸಲಹೆ ಕೇಳಿದವನು ಯಾರೆಂಬ ಪ್ರಶ್ನೆಯೇ ತೊಡಕಿನದು. ಆಜ್ಞೆ ಹೊರಡಿಸಿದ ಕಾರ್ಯದರ್ಶಿಯೆ, ತೆರಿಗೆ ಕೊಟ್ಟ ಪ್ರಜೆಯೆ?

ಆ ನಗರದಲ್ಲಿಯೇ ಈ ತೊಡಕನ್ನು ಬಿಡಿಸಿದ ನಿದರ್ಶನವೊಂದಿದೆ. ಅರ್ಥಶಾಸ್ತ್ರಜ್ಞ ಕೆ. ಎನ್. ರಾಜ್ ಅವರ ನೇತೃತ್ವದಲ್ಲಿ ೧೯೭೦ರ ದಶಕದ ಆರಂಭದಲ್ಲಿ ಹುಟ್ಟಿದ ಅಭಿವೃದ್ಧಿ ಅಧ್ಯಯನ ಕೇಂದ್ರ, ವಿಶ್ವಸಂಸ್ಥೆಗಾಗಿ ಸಿದ್ಧಪಡಿಸಿದ ಕೇರಳದ ಬಡತನ, ನಿರುದ್ಯೋಗ ಹಾಗೂ ಅಭಿವೃದ್ಧಿ ನೀತಿಯ ವರದಿ ೧೯೭೫ರಲ್ಲಿ ಪ್ರಕಟವಾಯಿತು. ವರಮಾನ ಕಡಿಮೆಯಿದ್ದರೂ ಸಾಕ್ಷರತೆ, ಆರೋಗ್ಯ, ಜನನ–ಮರಣಗಳ ಪ್ರಮಾಣಗಳಲ್ಲಿ ಮುಂದಿದ್ದ ಕೇರಳದ ವೈಶಿಷ್ಟ್ಯವನ್ನು ಲೋಕದ ಗಮನಕ್ಕೆ ತಂದುದು ಆ ವರದಿ. ಕೇರಳದ ಮಾದರಿ ಎಂಬ ಮಾತು ಮುಂದೆ ಎಷ್ಟೊಂದು ವಾದಗಳಿಗೆ ಎಡೆಕೊಟ್ಟಿತೆಂಬುದು ವಿದಿತವೇ ಇದೆ. ಅದು ನಿರ್ವಹಣ ವಿದ್ಯೆಯ ಕೃತಿಯಲ್ಲ, ನಿಜ. ಆದರೆ ಒಬ್ಬರು ಕೇಳಿ ಮಾಡಿಸಿದ ಅಧ್ಯಯನ ಎಲ್ಲರ ಸ್ವತ್ತಾಗಬಹುದೆಂಬುದಕ್ಕೆ ಅದಕ್ಕಿಂತ ಉತ್ತಮ ಪ್ರಮಾಣ ಬೇಕಿಲ್ಲ.

ಅದೇ ನಗರದಲ್ಲಿ ೧೯೭೯ರಲ್ಲಿ ರಾಜ್ಯಸರಕಾರದ ಪ್ರಾಯೋಜಕತ್ವದಲ್ಲಿ ನಿರ್ವಹಣ ಅಭಿವೃದ್ಧಿ ಕೇಂದ್ರ ಸ್ಥಾಪಿತವಾಯಿತು. ತರಬೇತಿ, ಸಂಶೋಧನೆ, ಸಲಹೆ ಎಂಬ ಮೂರು ಕಾರ್ಯಗಳನ್ನೂ ಒಂದೇ ಸೂರಿನಡಿ ನಡೆಸುವುದು ಅದರ ಉದ್ದೇಶ. ಇಂಥ ಸಂಸ್ಥೆಗಳ ಅಂತರಂಗದ ಕಷ್ಟವೊಂದಿದೆ. ಸಲಹೆಯಿಂದ ಹಣ ಬರುತ್ತದೆ, ಸಂಶೋಧನೆಗೆ ಹಣ ವೆಚ್ಚವಾಗುತ್ತದೆ. ತನ್ನ ವೆಚ್ಚವನ್ನು ತಾನೇ ದುಡಿಯಬೇಕಾದ ಸಂಸ್ಥೆ ಕಾಲಕ್ರಮದಲ್ಲಿ ಯಾವ ಕಡೆ ವಾಲುವುದೆಂದು ಊಹಿಸಲು ಶಾಸ್ತ್ರಜ್ಞಾನ ಬೇಕಾಗಿಲ್ಲ. ತಪ್ಪು ವ್ಯಕ್ತಿಗಳದಲ್ಲ, ಲೆಕ್ಕಪುಸ್ತಕದ್ದು.

ಪ್ರಾಧ್ಯಾಪಕನೊಬ್ಬನ ಸಲಹೆ ಜನಜೀವನದ ಮಧ್ಯಕ್ಕೆ ಬಂದ ಇತ್ತೀಚಿನ ಪ್ರಸಂಗ ರಸ್ತೆ ಸಾರಿಗೆಯದು. ತಿರುವಾಂಕೂರು ಸಂಸ್ಥಾನದಲ್ಲಿ ೧೯೩೮ರಲ್ಲಿ ಇಲಾಖೆಯಾಗಿ ಆರಂಭವಾಗಿ, ೧೯೬೫ರಲ್ಲಿ ನಿಗಮವಾದ ಕೇರಳ ರಾಜ್ಯ ರಸ್ತೆ ಸಾರಿಗೆ ಸಂಸ್ಥೆ ಸಾಲ ಮತ್ತು ನಿವೃತ್ತಿವೇತನಗಳ ಭಾರದಿಂದ ಕುಸಿದಾಗ, ಅದರ ಪುನರುಜ್ಜೀವನದ ಅಧ್ಯಯನವನ್ನು ೨೦೧೬ರಲ್ಲಿ ಅಧಿಕಾರಕ್ಕೆ ಬಂದ ಸರಕಾರ ಕಲ್ಕತ್ತದ ನಿರ್ವಹಣ ಸಂಸ್ಥೆಯ ಪ್ರಾಧ್ಯಾಪಕ ಸುಶೀಲ್ ಖನ್ನಾ ಅವರಿಗೆ ವಹಿಸಿತು. ಹೆಚ್ಚಿನ ಬಡ್ಡಿಯ ಸಾಲವನ್ನು ದೀರ್ಘಾವಧಿಯ ಬ್ಯಾಂಕ್ ಸಾಲವನ್ನಾಗಿ ಪರಿವರ್ತಿಸುವುದು, ಆಡಳಿತವನ್ನು ಮೂರು ವಲಯಗಳಾಗಿ ವಿಂಗಡಿಸುವುದು, ನೌಕರರ ಡ್ಯೂಟಿ ಪದ್ಧತಿಯನ್ನು ತಿದ್ದುವುದು ಮೊದಲಾದುವು ಆ ಸಲಹೆಗಳಲ್ಲಿ ಪ್ರಮುಖವಾದುವು. ಖನ್ನಾ ವರದಿ ಎಂಬ ಮಾತು ಮಂತ್ರಿಗಳ ಹೇಳಿಕೆಗಳಲ್ಲಿ, ಕಾರ್ಮಿಕ ಸಂಘಗಳ ವಾದಗಳಲ್ಲಿ, ಪತ್ರಿಕೆಗಳಲ್ಲಿ ಬಳಕೆಗೆ ಬಂದಿತು.

ಈ ಪ್ರಸಂಗದಲ್ಲಿ ವಿಮರ್ಶಕನ ಗಮನ ಸಲಹೆಗಳ ಗುಣದೋಷಗಳಿಗಿಂತ ಹೆಚ್ಚಾಗಿ ವರದಿಯ ಗತಿಯ ಕಡೆಗೆ ತಿರುಗುತ್ತದೆ. ವರದಿಯೊಂದರ ಹೆಸರನ್ನು ಉಲ್ಲೇಖಿಸುವಷ್ಟು ಸುಲಭವಾಗಿ ಅದರ ವಾದಸರಣಿಯನ್ನು ಯಾರೂ ಉಲ್ಲೇಖಿಸುವುದಿಲ್ಲ. ಬಸ್ಸೊಂದಕ್ಕೆ ಎಷ್ಟು ಮಂದಿ ನೌಕರರು ಬೇಕೆಂಬ ಲೆಕ್ಕ ಡಿಪೋದ ಕಂಡಕ್ಟರಿಗೆ ಅನ್ನದ ಪ್ರಶ್ನೆ. ಆ ಲೆಕ್ಕವನ್ನು ಹಾಕಿದ ಕ್ರಮ ಅವನ ಕೈಗೆ ಅವನ ಭಾಷೆಯಲ್ಲಿ ಸಿಕ್ಕಬೇಕು. ಸಿಕ್ಕದಿದ್ದಲ್ಲಿ ವರದಿ ವಾದದ ವಸ್ತುವಾಗುವುದಿಲ್ಲ. ಒಬ್ಬರು ಬೀಸುವ, ಇನ್ನೊಬ್ಬರು ತಡೆಯುವ ಆಯುಧವಾಗುತ್ತದೆ. ಆಗ ಪ್ರಾಧ್ಯಾಪಕನೂ ಪಕ್ಷದವನೆನಿಸಿಕೊಳ್ಳುತ್ತಾನೆ. ಅವನ ಪೀಠದ ಗೌರವವೇ ಅವನ ಸಲಹೆಗೆ ಸಾಕ್ಷಿಯಾಗಿ ಬಳಕೆಯಾಗುತ್ತದೆ.

ಕನ್ನಡಿಗನಿಗೆ ಈ ಪ್ರಸಂಗ ದೂರದ್ದಲ್ಲ. ಕೇರಳ ನಿಗಮವನ್ನು ಮೂರು ವಲಯಗಳಾಗಿ ಮಾಡುವ ಮಾತು ಬರುವುದಕ್ಕೆ ಎರಡು ದಶಕಗಳ ಹಿಂದೆಯೇ ಕರ್ನಾಟಕದ ಸಾರಿಗೆ ನಿಗಮ ಒಡೆದು, ೧೯೯೭ರಲ್ಲಿ ಬೆಂಗಳೂರು ಮಹಾನಗರದ ಮತ್ತು ವಾಯವ್ಯ ಕರ್ನಾಟಕದ ನಿಗಮಗಳೂ ೨೦೦೦ದಲ್ಲಿ ಈಶಾನ್ಯ ಕರ್ನಾಟಕದ ನಿಗಮವೂ ಬೇರೆಯಾಗಿದ್ದುವು. ಒಂದು ರಾಜ್ಯ ಪ್ರತ್ಯೇಕ ನಿಗಮಗಳನ್ನೇ ಮಾಡಿತು. ಇನ್ನೊಂದು ರಾಜ್ಯಕ್ಕೆ ಒಂದೇ ನಿಗಮದೊಳಗೆ ವಲಯಗಳ ಸಲಹೆ ದೊರೆಯಿತು. ಯಾವುದರ ಫಲವೇನು? ಇದು ತರಗತಿಯಲ್ಲಿ ಒಂದು ವರ್ಷ ಚರ್ಚಿಸಲು ತಕ್ಕ ಪ್ರಶ್ನೆ. ಎರಡು ರಾಜ್ಯಗಳ ವರದಿಗಳನ್ನೂ ಲೆಕ್ಕಗಳನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಬಲ್ಲವನು ಸಲಹೆಗಾರನಲ್ಲ, ಆಚಾರ್ಯ. ಆದರೆ ಆ ಸಾಮಗ್ರಿ ಕೈಗೆ ಬರುವುದು ಸಲಹೆಗಾರನಾಗಿ ಹೋದವನಿಗೆ.

೫

ಹಾಗಾದರೆ ಈ ದ್ವಿವೃತ್ತಿಗೆ ನಿಯಮವೇನು? ಅನೇಕ ಸಂಸ್ಥೆಗಳು ದಿನಗಳ ಲೆಕ್ಕವನ್ನು ಹಾಕುತ್ತವೆ. ವಾರಕ್ಕೆ ಒಂದರಂತೆ ವರ್ಷಕ್ಕೆ ೫೨ ದಿನಗಳನ್ನು ಸಲಹೆಗೆ ಬಳಸಬಹುದೆಂಬ ಮಿತಿ ಪ್ರಸಿದ್ಧವಾದುದು. ಬಂದ ಸಂಭಾವನೆಯಲ್ಲಿ ಸಂಸ್ಥೆಗೊಂದು ಪಾಲೆಂಬ ಕಟ್ಟಳೆಯೂ ಉಂಟು. ಕಾಲವನ್ನೂ ಹಣವನ್ನೂ ಅಳೆಯುವುದು ಸುಲಭವಾದುದರಿಂದ ಇವುಗಳನ್ನು ಅಳೆಯುತ್ತಾರೆ. ತರಗತಿಗೆ ಏನು ಹಿಂದಿರುಗಿತೆಂಬುದನ್ನು ಅಳೆಯುವ ಕೋಲು ಮಾತ್ರ ಇಲ್ಲ.

ಆ ಕೋಲನ್ನು ಕೆಲವು ನಿದರ್ಶನಗಳಿಂದ ರೂಪಿಸಿಕೊಳ್ಳಬಹುದು. ಅಹಮದಾಬಾದು ಸಂಸ್ಥೆಯ ಉದಯ ಪಾರೀಕ್ ಮತ್ತು ಟಿ. ವಿ. ರಾವ್ ಎಂಬ ಪ್ರಾಧ್ಯಾಪಕರು ೧೯೭೦ರ ದಶಕದ ಮಧ್ಯಭಾಗದಲ್ಲಿ ಲಾರ್ಸನ್ ಅಂಡ್ ಟೂಬ್ರೊ ಸಂಸ್ಥೆಗೆ ಸಲಹೆ ನೀಡುವಾಗ, ನೌಕರರ ಗುಣದೋಷ ವಿವೇಚನೆ, ತರಬೇತಿ, ಬಡ್ತಿಗಳನ್ನು ಒಟ್ಟುಗೂಡಿಸಿ ಮಾನವ ಸಂಪನ್ಮೂಲ ಅಭಿವೃದ್ಧಿಯ ವ್ಯವಸ್ಥೆಯೊಂದನ್ನು ಸೂಚಿಸಿದರು. ಅದನ್ನು ಆ ಸಂಸ್ಥೆಗಷ್ಟೇ ಬಿಡದೆ ಲೇಖನ ಗ್ರಂಥಗಳ ಮೂಲಕ ವಿಷಯವನ್ನಾಗಿ ಬೆಳೆಸಿದರು. ದೇಶದ ವಿದ್ಯಾಲಯಗಳಲ್ಲಿ ಅದೊಂದು ಪಾಠವಾಯಿತು. ಕೇರಳ ಮೂಲದ ಜಾನ್ ಮಥಾಯಿಯವರ ಪುತ್ರ ರವಿ ಮಥಾಯಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ೧೯೬೫ರಿಂದ ಅಹಮದಾಬಾದು ಸಂಸ್ಥೆಯ ನಿರ್ದೇಶಕರಾಗಿದ್ದ ಅವರು ೧೯೭೨ರಲ್ಲಿ ತಾವಾಗಿ ಆ ಪದವಿಯನ್ನು ಬಿಟ್ಟು ಅಲ್ಲಿಯೇ ಪ್ರಾಧ್ಯಾಪಕರಾಗಿ ಉಳಿದರು. ೧೯೭೫ರಿಂದ ರಾಜಸ್ಥಾನದ ಜವಾಜಾ 지ಪ್ರದೇಶದ ನೇಕಾರರ ಮತ್ತು ಚರ್ಮಗಾರರ ನಡುವೆ ಕೆಲಸಮಾಡಿದರು. ಸಂಭಾವನೆ ಕೊಡಲಾರದವನೂ ಸಲಹೆಗೆ ಅರ್ಹನೆಂಬುದು ಅಲ್ಲಿ ಸಿದ್ಧವಾಯಿತು. ಬೆಂಗಳೂರಿನ ಸಂಸ್ಥೆಯ ಪ್ರಥಮ ನಿರ್ದೇಶಕ ಎನ್. ಎಸ್. ರಾಮಸ್ವಾಮಿಯವರು ಎತ್ತಿನ ಗಾಡಿಯ ಸುಧಾರಣೆಯನ್ನು ನಿರ್ವಹಣ ವಿದ್ಯೆಯ ವಿಷಯವನ್ನಾಗಿ ಎತ್ತಿಕೊಂಡುದೂ ಇದೇ ಜಾತಿಯ ಸಾಹಸ. ಎತ್ತು ಸಲಹೆಗಾರನಿಗೆ ಹಣ ಕೊಡುವುದಿಲ್ಲ.

ಇವುಗಳಿಂದ ಮೂರು ಪರೀಕ್ಷೆಗಳು ಹೊರಡುತ್ತವೆ. ಮೊದಲನೆಯದು: ಸಲಹೆ ಕೇಳಿದವನ ಹೆಸರನ್ನು ಮರೆಸಿಯಾದರೂ, ನಿಶ್ಚಿತ ಕಾಲ ಕಳೆದ ಮೇಲಾದರೂ, ಕಂಡ ಸಂಗತಿ ಬರೆಹವಾಗಿ ತರಗತಿಗೆ ಬಂದಿತೆ? ವೈದ್ಯನು ರೋಗಿಯ ಹೆಸರನ್ನು ಮುಚ್ಚುತ್ತಾನೆ, ರೋಗವನ್ನು ಮುಚ್ಚುವುದಿಲ್ಲ. ಎರಡನೆಯದು: ಸಲಹೆ ಫಲಿಸದ ಪ್ರಸಂಗವೂ ಬರೆಹಕ್ಕೆ ಬಂದಿತೆ? ಗೆದ್ದ ಕಥೆಗಳನ್ನು ಮಾತ್ರ ಹೇಳುವ ಶಾಸ್ತ್ರ ಜಾಹೀರಾತಾಗುತ್ತದೆ. ಮೂರನೆಯದು: ಸಲಹೆಯ ಪರಿಣಾಮವನ್ನು ಅನುಭವಿಸುವವನು, ಎಂದರೆ ಕಾರ್ಮಿಕನೋ ಪ್ರಯಾಣಿಕನೋ ಬೆಳೆಗಾರನೋ, ಅದನ್ನು ಓದಿ ಎದುರುಮಾತಾಡಲು ಅವಕಾಶವಿತ್ತೆ? ಕೌಟಿಲ್ಯನು ಒಬ್ಬನೇ ಮಂತ್ರಿಯೊಡನೆ ಆಲೋಚಿಸಬಾರದೆಂದುದು ಅವನಿಗೆ ತಡೆಯಿಲ್ಲವೆಂಬ ಕಾರಣದಿಂದ. ಇಂದು ಆ ತಡೆ ಓದುಗನಿಂದ ಬರಬೇಕು.

ಈ ಮೂರನ್ನೂ ಮುಂದಿಟ್ಟುಕೊಂಡು ನೋಡಿದರೆ, ಪೈಲಿಯವರ ಕೃತಿ ಬಯಲಿನ ಮಾತಿನಲ್ಲಿ ಗೆದ್ದು ಸಮೀಪದೃಷ್ಟಿಯಲ್ಲಿ ತುಸು ಹಿಂದುಳಿಯುತ್ತದೆ. ೧೯೭೫ರ ವರದಿ ಮೊದಲ ಪರೀಕ್ಷೆಯಲ್ಲಿ ಪೂರ್ಣವಾಗಿ ನಿಲ್ಲುತ್ತದೆ. ಸಾರಿಗೆಯ ಪ್ರಸಂಗ ಮೂರನೆಯ ಪರೀಕ್ಷೆಯ ಅಗತ್ಯವನ್ನು ಎತ್ತಿ ತೋರಿಸುತ್ತದೆ. ಇವರಲ್ಲಿ ಯಾರನ್ನೂ ಕೀಳುಗಳೆಯುವುದು ಈ ತುಲನೆಯ ಉದ್ದೇಶವಲ್ಲ. ವಿದ್ವಾಂಸನು ಹೊರಗೆ ಹೋದುದಕ್ಕೆ ಲೆಕ್ಕ ಕೇಳುವ ಹಕ್ಕು ಅವನ ಶಿಷ್ಯನಿಗೂ ಸಮಾಜಕ್ಕೂ ಇದೆಯೆಂಬುದಷ್ಟೇ ಇಲ್ಲಿಯ ತಾತ್ಪರ್ಯ.

೬

ಮೂರನೆಯ ಪರೀಕ್ಷೆ ಭಾಷೆಯ ಪ್ರಶ್ನೆಯನ್ನು ಅನಿವಾರ್ಯವಾಗಿ ಎತ್ತುತ್ತದೆ. ಕೊಚ್ಚಿಯಲ್ಲಿಯೂ ತಿರುವನಂತಪುರದಲ್ಲಿಯೂ ನಿರ್ವಹಣ ವಿದ್ಯೆಯ ಪಾಠ, ವರದಿ, ಚರ್ಚೆಗಳು ಬಹುಮಟ್ಟಿಗೆ ಇಂಗ್ಲಿಷಿನಲ್ಲಿ ನಡೆಯುತ್ತವೆ. ಕಾರ್ಖಾನೆಯ ಅಂಗಳ, ಡಿಪೋ, ಅಂಗಡಿಗಳು ಮಲೆಯಾಳದಲ್ಲಿ ನಡೆಯುತ್ತವೆ. ಬೆಂಗಳೂರಿನಲ್ಲಿಯೂ ಸ್ಥಿತಿ ಬೇರೆಯಲ್ಲ. ಹೀಗಾಗಿ ಸಲಹೆಯ ಗುಟ್ಟನ್ನು ಯಾರೂ ಕಾಯಬೇಕಾಗಿಯೇ ಇಲ್ಲ. ಭಾಷೆಯೇ ಅದಕ್ಕೆ ಬೀಗ ಹಾಕಿದೆ.

ಈ ಬೀಗವನ್ನು ತೆರೆದ ಪರಂಪರೆಯೊಂದು ಕನ್ನಡದಲ್ಲಿಯೇ ಇದೆಯೆಂಬುದನ್ನು ಮರೆಯಬಾರದು. ಮೈಸೂರು ವಿಶ್ವವಿದ್ಯಾಲಯದ ಪ್ರಾಧ್ಯಾಪಕರು ೧೯೩೦ರ ದಶಕದಿಂದ ಊರೂರುಗಳಿಗೆ ಹೋಗಿ ವಿಜ್ಞಾನ, ಅರ್ಥಶಾಸ್ತ್ರ, ಆರೋಗ್ಯಗಳನ್ನು ಕುರಿತು ಕನ್ನಡದಲ್ಲಿ ಮಾತನಾಡಿದರು; ಆ ಮಾತುಗಳು ಪ್ರಚಾರೋಪನ್ಯಾಸ ಮಾಲೆಯ ಚಿಕ್ಕ ಚಿಕ್ಕ ಪುಸ್ತಕಗಳಾಗಿ ಕೆಲವೇ ಆಣೆಗಳಿಗೆ ದೊರೆಯುತ್ತಿದ್ದುವು. ಪ್ರಾಧ್ಯಾಪಕನು ಪೀಠದಿಂದಿಳಿದು ಹೊರಗೆ ಹೋಗುವುದಕ್ಕೆ ಅದೂ ಒಂದು ಮಾದರಿ. ಅಲ್ಲಿ ಸಲಹೆ ಕೇಳಿದವನು ಊರು; ಸಂಭಾವನೆ ಅತ್ಯಲ್ಪ; ಗುಟ್ಟು ಏನೂ ಇಲ್ಲ.

ಹೊರನಾಡಿನ ಕನ್ನಡಿಗನಿಗೆ ಈ ಕಾರ್ಯದಲ್ಲಿ ವಿಶೇಷವಾದ ಪಾತ್ರವಿದೆ. ಮುಂಬಯಿ, ಮದರಾಸು, ಕೊಚ್ಚಿ, ದಿಲ್ಲಿಗಳಲ್ಲಿ ನೆಲಸಿದ ಕನ್ನಡಿಗರಲ್ಲಿ ಬ್ಯಾಂಕು ನಡೆಸಿದವರಿದ್ದಾರೆ, ಹೋಟೆಲು ಕಟ್ಟಿದವರಿದ್ದಾರೆ, ಕಾರ್ಖಾನೆಗಳ ಆಡಳಿತವನ್ನೂ ಸಲಹಾವೃತ್ತಿಯನ್ನೂ ಅಧ್ಯಾಪನವನ್ನೂ ಮಾಡಿದವರಿದ್ದಾರೆ. ೧೯೦೬ರಲ್ಲಿ ಮಂಗಳೂರು ಮತ್ತು ಉಡುಪಿಗಳಲ್ಲಿ ಕೆನರಾ ಹಾಗೂ ಕಾರ್ಪೊರೇಷನ್ ಬ್ಯಾಂಕುಗಳನ್ನೂ ೧೯೨೫ರಲ್ಲಿ ಉಡುಪಿಯಲ್ಲಿ ಸಿಂಡಿಕೇಟ್ ಬ್ಯಾಂಕಾಗಿ ಮುಂದೆ ಬೆಳೆದ ಸಂಸ್ಥೆಯನ್ನೂ ಕಟ್ಟಿದ ಕರಾವಳಿಯ ಅನುಭವ ಯಾವ ವಿದ್ಯಾಲಯದಿಂದಲೂ ಬಂದುದಲ್ಲ. ಆ ಅನುಭವದ ಬಲದಿಂದಲೇ ಟಿ. ಎ. ಪೈಯವರು ೧೯೮೦ರಲ್ಲಿ ಮಣಿಪಾಲದಲ್ಲಿ ನಿರ್ವಹಣ ವಿದ್ಯಾಲಯವನ್ನು ಸ್ಥಾಪಿಸಿದರು. ಕೊಚ್ಚಿಯಲ್ಲಿ ಪೀಠದಿಂದ ಕಾರ್ಖಾನೆಯ ಕಡೆಗೆ ಹರಿದ ವಿದ್ಯೆ ಇಲ್ಲಿ ವ್ಯವಹಾರದಿಂದ ಪೀಠದ ಕಡೆಗೆ ಹರಿಯಿತು.

ಗಡಿಯ ಮೇಲೆಯೇ ಇರುವ ಇನ್ನೊಂದು ನಿದರ್ಶನ ಕ್ಯಾಂಪ್ಕೊ. ಅಡಕೆಯ ಬೆಲೆ ಕುಸಿದ ದಿನಗಳಲ್ಲಿ ವಾರಣಾಶಿ ಸುಬ್ರಾಯ ಭಟ್ಟರ ನೇತೃತ್ವದಲ್ಲಿ ೧೯೭೩ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಈ ಸಹಕಾರ ಸಂಸ್ಥೆ ಕರ್ನಾಟಕ ಮತ್ತು ಕೇರಳ ಎರಡು ರಾಜ್ಯಗಳ ಬೆಳೆಗಾರರದು. ಕಾಸರಗೋಡಿನ ಕನ್ನಡ ಕೃಷಿಕನೂ ಪುತ್ತೂರಿನ ಕೃಷಿಕನೂ ಅದರಲ್ಲಿ ಪಾಲುಗಾರರು. ೧೯೮೬ರಲ್ಲಿ ಅದು ಪುತ್ತೂರಿನಲ್ಲಿ ಚಾಕಲೇಟಿನ ಕಾರ್ಖಾನೆಯನ್ನೂ ತೆರೆಯಿತು. ಬೆಳೆಗಾರನೇ ಒಡೆಯನಾದ ಸಂಸ್ಥೆ ಬೆಲೆಯ ಏರಿಳಿತವನ್ನು ಹೇಗೆ ತಾಳಿಕೊಂಡಿತು, ಎರಡು ಸರಕಾರಗಳ ನಡುವೆ ಹೇಗೆ ನಡೆಯಿತು, ಎಲ್ಲಿ ಎಡವಿತು ಎಂಬುದನ್ನು ಕನ್ನಡದಲ್ಲಿ, ಅಂಕಿಗಳ ಸಮೇತ, ಹೊಗಳಿಕೆಯಿಲ್ಲದೆ ಬರೆದರೆ ಅದು ಕೊಚ್ಚಿಯ ತರಗತಿಗೂ ಬೆಂಗಳೂರಿನ ತರಗತಿಗೂ ಸಲ್ಲುವ ಪಾಠವಾದೀತು. ಓದಿ ತಿದ್ದುವ ಹಕ್ಕು ಅಡಕೆಯ ತೋಟದವನಿಗೂ ದಕ್ಕೀತು.

ನಿರ್ವಹಣ ವಿದ್ಯೆಯ ಪ್ರಾಧ್ಯಾಪಕನು ಕಾರ್ಖಾನೆಗೆ ಹೋಗಲಿ, ಸಚಿವಾಲಯಕ್ಕೂ ಹೋಗಲಿ. ತಕ್ಕ ಸಂಭಾವನೆಯನ್ನೂ ಪಡೆಯಲಿ. ಅದರಲ್ಲಿ ಅಪಚಾರವಿಲ್ಲ. ಅವನು ಕಂಡುದು ವರದಿಯಾಗಿ ಕಪಾಟನ್ನು ಸೇರಿದಾಗ ಒಂದು ಋಣ ಮಾತ್ರ ತೀರುತ್ತದೆ. ಕಂಡುದನ್ನು ಶೋಧಿಸಿ, ಹೆಸರುಗಳನ್ನು ಕಳೆದು, ಎದುರುಮಾತಿಗೆ ಎಡೆಯಿಟ್ಟು, ಸಂಬಂಧಪಟ್ಟವರ ಭಾಷೆಯಲ್ಲಿ ಬರೆದಾಗ ಎರಡನೆಯದೂ ತೀರುತ್ತದೆ. ಕನ್ನಡದ ಮಟ್ಟಿಗೆ ಈ ಎರಡನೆಯ ಋಣದ ಬಾಕಿ ದೊಡ್ಡದು. ಅದನ್ನು ತೀರಿಸಬಲ್ಲವರಲ್ಲಿ ಅನೇಕರು ಹೊರನಾಡಿನ ನಗರಗಳಲ್ಲಿಯೇ ಇದ್ದಾರೆ.